ತಪ್ಪು ಅಚ್ಚಾದ ನೋಟಿಗೆ ತಕ್ಕ ಬೆಲೆ

ಅಚ್ಚಿನ ತಪ್ಪುಗಳಿಂದ ತುಂಬಿದ ಪುಸ್ತಕವನ್ನು ಹೆಚ್ಚು ಹಣ ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಓರೆಯಾಗಿ ಹೊಲಿದ ಅಂಗಿಯನ್ನು ದರ್ಜಿಗೆ ಹಿಂದಿರುಗಿಸುತ್ತೇವೆ. ಸೀಳು ಬಿಟ್ಟ ಗಡಿಗೆಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ದೋಷವುಳ್ಳ ವಸ್ತುವಿಗೆ ಬೆಲೆ ಕಡಮೆ ಎಂಬುದು ಲೋಕದ ಸಾಮಾನ್ಯ ನಿಯಮ. ಈ ನಿಯಮವನ್ನು ಮೀರಿ ನಡೆಯುವ ಕೆಲವೇ ವಸ್ತುಗಳಲ್ಲಿ, ನಾವು ದಿನವೂ ಕೈಯಿಂದ ಕೈಗೆ ದಾಟಿಸುವ ಕಾಗದದ ನೋಟೂ ಒಂದು. ಮುದ್ರಣಾಲಯದಲ್ಲಿ ತಪ್ಪಾಗಿ ಅಚ್ಚಾಗಿ, ಪರೀಕ್ಷಕರ ಕಣ್ಣು ತಪ್ಪಿಸಿ ಹೊರಬಿದ್ದ ನೋಟಿಗೆ ಕೆಲವೊಮ್ಮೆ ಮುಖಬೆಲೆಯ ನೂರುಪಟ್ಟು, ಸಾವಿರಪಟ್ಟು ಹಣ ದೊರೆಯುವುದುಂಟು.

2004ನೆಯ ಇಸವಿಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಾಲೇಜು ವಿದ್ಯಾರ್ಥಿಯೊಬ್ಬ ಎಟಿಎಂ ಯಂತ್ರದಿಂದ ಹಣ ತೆಗೆದ. ಬಂದ ನೋಟುಗಳಲ್ಲಿ 20 ಡಾಲರಿನ ಒಂದರ ಮುಖದ ಮೇಲೆ, ಬಾಳೆಹಣ್ಣಿಗೆ ಅಂಟಿಸುವ ಸಣ್ಣ ಬಣ್ಣದ ಚೀಟಿಯೊಂದು ಅಂಟಿಕೊಂಡಿತ್ತು. ‘ಡೆಲ್ ಮಾಂಟೆ’ ಎಂಬ ಹಣ್ಣಿನ ಸಂಸ್ಥೆಯ ಹೆಸರೂ ಎಕ್ವಡಾರ್ ದೇಶದ ಹೆಸರೂ ಅದರ ಮೇಲಿದ್ದವು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಉಗುರಿನಿಂದ ಕೆರೆದು ಕಿತ್ತೆಸೆದು, ನೋಟನ್ನು ಅಂಗಡಿಯಲ್ಲಿ ಚಲಾಯಿಸಿಬಿಡುತ್ತಿದ್ದರೇನೋ. ಈತ ಹಾಗೆ ಮಾಡಲಿಲ್ಲ. ಅಂತರಜಾಲದ ಹರಾಜಿನಲ್ಲಿ ಅದನ್ನು ಸುಮಾರು 10,000 ಡಾಲರಿಗೆ ಮಾರಿದ. 2006ರಲ್ಲಿ ಅದೇ ನೋಟು ಮತ್ತೊಂದು ಹರಾಜಿನಲ್ಲಿ 25,300 ಡಾಲರಿಗೆ ಹೋಯಿತು. 2021ರ ಜನವರಿಯಲ್ಲಿ ಮೂರನೆಯ ಸಾರಿ ಹರಾಜಿಗೆ ಬಂದಾಗ ಕೊಂಡವರು ಕೊಟ್ಟ ಹಣ 3,96,000 ಡಾಲರು!

ನೋಟು ಅದೇ, ಚೀಟಿ ಅದೇ. ಚೀಟಿ ಅಂಟಿದ 20 ಡಾಲರಿನ ನೋಟಿಗೆ ಇಷ್ಟು ಬೆಲೆ ಏಕೆ? ಹಾಗಾದರೆ ನಾವೂ ಒಂದು ಹಣ್ಣಿನ ಚೀಟಿಯನ್ನು ನೋಟಿನ ಮೇಲೆ ಅಂಟಿಸಿ ಶ್ರೀಮಂತರಾಗಬಹುದಲ್ಲವೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ. ಅದನ್ನು ಕಾಣಬೇಕಾದರೆ ನಾವು ಮೊದಲು ಮುದ್ರಣಾಲಯದೊಳಕ್ಕೆ ಹೋಗಬೇಕು.

ಮುದ್ರಣದ ಮೂರು ಹೆಜ್ಜೆಗಳು

ಪುಸ್ತಕದ ಪುಟದಂತೆ ನೋಟು ಒಂದೇ ಏಟಿಗೆ ಅಚ್ಚಾಗಿ ಬರುವುದಿಲ್ಲ. ಡೆಲ್ ಮಾಂಟೆ ನೋಟು ಸಿದ್ಧವಾದದ್ದು ಟೆಕ್ಸಾಸ್ ರಾಜ್ಯದ ಫೋರ್ಟ್‌ವರ್ತ್ ನಗರದಲ್ಲಿರುವ ಸರ್ಕಾರಿ ಮುದ್ರಣಾಲಯದಲ್ಲಿ. ಅದು 1996ರ ಮಾಲಿಕೆಗೆ ಸೇರಿದ ನೋಟು. ಆ ಕಾಲದಲ್ಲಿ 32 ನೋಟುಗಳು ಹಿಡಿಯುವ ದೊಡ್ಡ ಹಾಳೆಗಳ ಮೇಲೆ ಅಚ್ಚು ಹಾಕುತ್ತಿದ್ದರು. ಹಾಳೆ ಮರದ ತಿರುಳಿನಿಂದಾದುದಲ್ಲ. ನೂರಕ್ಕೆ 75 ಪಾಲು ಹತ್ತಿಯ ಎಳೆ, 25 ಪಾಲು ಅಗಸೆನಾರು.

ಮೊದಲನೆಯ ಹೆಜ್ಜೆಯಲ್ಲಿ ಹಾಳೆಯ ಬೆನ್ನಿನ ಹಸಿರು ಚಿತ್ರ ಅಚ್ಚಾಗುತ್ತಿತ್ತು. ಅದು ಒಣಗಿದ ಬಳಿಕ ಎರಡನೆಯ ಹೆಜ್ಜೆಯಲ್ಲಿ ಮುಖದ ಕಪ್ಪು ಚಿತ್ರ. ಈ ಎರಡಕ್ಕೂ ಬಳಸುವ ವಿಧಾನದ ಹೆಸರು ಇಂಟ್ಯಾಗ್ಲಿಯೊ. ಇದರಲ್ಲಿ ಲೋಹದ ಫಲಕದ ಮೇಲೆ ಗೆರೆಗಳನ್ನು ತಗ್ಗಾಗಿ ಕೊರೆದಿರುತ್ತಾರೆ. ಫಲಕಕ್ಕೆ ಮಸಿ ಬಳಿದು ಮೇಲ್ಮೈಯನ್ನು ಒರೆಸಿದರೆ ಮಸಿ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ಆಗ ಹಾಳೆಯನ್ನು ಭಾರಿ ಒತ್ತಡದಿಂದ ಫಲಕಕ್ಕೆ ಒತ್ತಿದಾಗ ಕಾಗದ ತಗ್ಗಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಳ್ಳುತ್ತದೆ. ಹೊಸ ನೋಟಿನ ಚಿತ್ರವನ್ನು ಬೆರಳಿನಿಂದ ಸವರಿದರೆ ತರಿತರಿಯಾಗಿ ಉಬ್ಬಿರುವಂತೆ ತೋರುವುದು ಇದರಿಂದಲೇ.

ಮೂರನೆಯ ಹೆಜ್ಜೆಯಲ್ಲಿ ಮೊಹರುಗಳೂ ಕ್ರಮಸಂಖ್ಯೆಯೂ ಬೀಳುತ್ತವೆ. ಇಲ್ಲಿನ ವಿಧಾನ ಮೊದಲಿನದಕ್ಕೆ ವಿರುದ್ಧವಾದುದು. ಹಳೆಯ ಅಚ್ಚುಮೊಳೆಯಂತೆ ಉಬ್ಬಿದ ಅಂಕಿಗಳಿಗೆ ಮಸಿ ತಾಗಿಸಿ ಕಾಗದದ ಮೇಲೆ ಒತ್ತುತ್ತಾರೆ. ಆದುದರಿಂದ ಹೊಸ ನೋಟಿನ ಹಿಂಬದಿಯಲ್ಲಿ ಅಂಕಿಗಳ ಒತ್ತು ನವಿರಾಗಿ ಮೂಡಿರುತ್ತದೆ. ಇದಾದ ಮೇಲೆ ಹಾಳೆಯನ್ನು ನೋಟುಗಳಾಗಿ ಕತ್ತರಿಸಿ, ನೂರು ನೂರರ ಕಟ್ಟುಗಳಾಗಿ ಕಟ್ಟುತ್ತಾರೆ.

ಚೀಟಿ ನುಡಿದ ಸಾಕ್ಷ್ಯ

ಈಗ ಡೆಲ್ ಮಾಂಟೆ ನೋಟನ್ನು ಮತ್ತೊಮ್ಮೆ ನೋಡೋಣ. ಮುಖದ ಕಪ್ಪು ಚಿತ್ರ ಚೀಟಿಯ ಕೆಳಗಿದೆ. ಚೀಟಿಯ ಮೇಲೆ ಅದರ ಗೆರೆಗಳಿಲ್ಲ. ಆದರೆ ಬಲಗಡೆಯ ಹಸಿರು ಮೊಹರಿನ ಒಂದು ಭಾಗವೂ ಕ್ರಮಸಂಖ್ಯೆಯ ಒಂದು ಭಾಗವೂ ಚೀಟಿಯ ಮೇಲೆಯೇ ಅಚ್ಚಾಗಿವೆ. ಇದರ ಅರ್ಥವೇನು? ಎರಡನೆಯ ಮುದ್ರಣ ಮುಗಿಯುವವರೆಗೆ ಚೀಟಿ ಅಲ್ಲಿರಲಿಲ್ಲ. ಮೂರನೆಯ ಮುದ್ರಣ ನಡೆಯುವಾಗ ಇತ್ತು. ಆ ನಡುವಿನ ಅವಧಿಯಲ್ಲಿ ಹಾಳೆ ಮುದ್ರಣಾಲಯದ ಗೋಡೆಗಳೊಳಗೇ ಇದ್ದುದರಿಂದ ಚೀಟಿ ಅಂಟಿದ್ದು ಅಲ್ಲಿಯೇ. ಯಾರದೋ ಊಟದ ಬಾಳೆಹಣ್ಣಿನಿಂದ ಕಳಚಿ ಬಿದ್ದಿತೋ, ತಮಾಷೆಗಾಗಿ ಅಂಟಿಸಿದರೋ ಹೇಳಲಾಗದು. ಎಂತಾದರೂ, ನೋಟು ಹೊರಬಂದ ಮೇಲೆ ಅಂಟಿಸಿದ್ದಲ್ಲ ಎಂಬುದು ಮಾತ್ರ ನಿಸ್ಸಂದೇಹ.

ನಾವು ಮನೆಯಲ್ಲಿ ನೋಟಿಗೆ ಚೀಟಿ ಅಂಟಿಸಿದರೆ ಅದು ಮೊಹರಿನ ಮೇಲೆ ಕೂರುತ್ತದೆಯೇ ಹೊರತು ಮೊಹರು ಅದರ ಮೇಲೆ ಕೂರುವುದಿಲ್ಲ. ಭೂಗರ್ಭಶಾಸ್ತ್ರಜ್ಞರು ಕಲ್ಲಿನ ಪದರಗಳ ಕ್ರಮ ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವಂತೆಯೇ ಇದು. ಕೊಳ್ಳುವವರು ಹಣ ಸುರಿಯುವುದು ತಪ್ಪಿಗಾಗಿ ಅಲ್ಲ. ತಪ್ಪು ಮುದ್ರಣಾಲಯದೊಳಗೇ ಆಯಿತೆಂದು ನೋಟೇ ನುಡಿಯುವ ಸಾಕ್ಷ್ಯಕ್ಕಾಗಿ. ಮಾರುವವನು ಮೊದಲು ಅರಿಯಬೇಕಾದ ಮಾತು ಇದು.

ತಪ್ಪುಗಳ ಬಗೆಗಳು

ಒಂದೊಂದು ಹೆಜ್ಜೆಯೂ ತನ್ನದೇ ಬಗೆಯ ತಪ್ಪಿಗೆ ಎಡೆಮಾಡಿಕೊಡುತ್ತದೆ. ಮೂರನೆಯ ಮುದ್ರಣಕ್ಕೆ ಹೋಗುವ ಹಾಳೆ ಮೇಲುಕೆಳಗಾದರೆ ಸಂಖ್ಯೆ ಮತ್ತು ಮೊಹರುಗಳು ತಲೆಕೆಳಗಾಗಿ ಬೀಳುತ್ತವೆ. ಆ ಮುದ್ರಣವೇ ತಪ್ಪಿಹೋದರೆ ಸಂಖ್ಯೆಯೇ ಇಲ್ಲದ ನೋಟು ಹುಟ್ಟುತ್ತದೆ. ಹಾಳೆಯ ಮೂಲೆ ಮಡಚಿಕೊಂಡಿದ್ದಾಗ ಅಚ್ಚು ಬಿದ್ದರೆ ಮುಂದಿನ ಚಿತ್ರದ ತುಣುಕು ಹಿಂಬದಿಗೆ ಹೋಗಿ, ಮುಂಬದಿಯಲ್ಲಿ ಬರಿದಾದ ಜಾಗ ಉಳಿಯುತ್ತದೆ. ಹಾಳೆ ಸರಿಯಾದ ಸಮಯಕ್ಕೆ ಬಾರದೆ ಯಂತ್ರ ತಿರುಗಿದರೆ ಚಿತ್ರ ಎದುರಿನ ಉರುಳೆಯ ಮೇಲೆಯೇ ಅಚ್ಚಾಗಿ, ಮುಂದೆ ಬಂದ ಹಾಳೆಗಳ ಹಿಂಬದಿಗೆ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಹತ್ತುತ್ತದೆ. ಹಾಳೆಯಿಂದ ಹಾಳೆಗೆ ಅದು ಮಸುಕಾಗುತ್ತ ಹೋಗುತ್ತದೆ. ಒಂದು ಬದಿಯಲ್ಲಿ 10 ಡಾಲರು, ಇನ್ನೊಂದು ಬದಿಯಲ್ಲಿ 20 ಡಾಲರು ಎಂದು ಅಚ್ಚಾದ ಜೋಡಿಬೆಲೆಯ ನೋಟುಗಳು ಬಹಳ ವಿರಳ. ಅಮೆರಿಕದ ಸಂಗ್ರಾಹಕರು ಅವಕ್ಕೆ ಬಹು ಎತ್ತರದ ಸ್ಥಾನ ಕೊಟ್ಟಿದ್ದಾರೆ.

ತಪ್ಪಾದ ಮಾತ್ರಕ್ಕೇ ನೋಟು ದುಬಾರಿಯಾಗುವುದಿಲ್ಲ. ಚಿತ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ, ಅಂಚು ತುಸು ಹೆಚ್ಚುಕಡಮೆಯಾಗಿದ್ದರೆ ಅದನ್ನು ಕೇಳುವವರಿಲ್ಲ. ನೋಡಿದೊಡನೆ ಕಣ್ಣಿಗೆ ಬೀಳುವ, ಅಪರೂಪವಾದ ತಪ್ಪಿಗೇ ಬೆಲೆ. ಕೆಲವು ತಪ್ಪುಗಳಿಗೆ ಬೆಲೆ ಬರುವುದು ಜೋಡಿ ಸಿಕ್ಕಿದಾಗ. ಅಮೆರಿಕದಲ್ಲಿ 2013ರ ಮಾಲಿಕೆಯ 1 ಡಾಲರಿನ ಕೆಲವು ನಕ್ಷತ್ರಗುರುತಿನ ನೋಟುಗಳನ್ನು ವಾಷಿಂಗ್ಟನ್ನಿನಲ್ಲಿಯೂ ಫೋರ್ಟ್‌ವರ್ತಿನಲ್ಲಿಯೂ ಒಂದೇ ಕ್ರಮಸಂಖ್ಯೆಗಳೊಡನೆ ಮುದ್ರಿಸಿಬಿಟ್ಟರು. ಇಂಥ ನೋಟು ಒಂಟಿಯಾಗಿದ್ದರೆ ಅದೊಂದು ಸಾಧಾರಣ ನೋಟಿನಂತೆಯೇ ಕಾಣುತ್ತದೆ. ಅದೇ ಸಂಖ್ಯೆಯ ಅವಳಿ ಸಿಕ್ಕಿದಾಗ ಸಂಗ್ರಾಹಕರ ಕಣ್ಣು ಅರಳುತ್ತದೆ.

ಕೃತಕ ತಪ್ಪುಗಳು

ಬೆಲೆ ಇರುವಲ್ಲಿ ಮೋಸವೂ ಇರುತ್ತದೆ. ಒಳ್ಳೆಯ ನೋಟನ್ನು ಕೆಡಿಸಿ ‘ತಪ್ಪು ಅಚ್ಚು’ ಎಂದು ಮಾರುವವರುಂಟು. ಅವರನ್ನು ಕಂಡುಹಿಡಿಯುವ ಸಾಧನವೂ ಮುದ್ರಣದ ಕ್ರಮದ ತಿಳಿವಳಿಕೆಯೇ.

ಸಂಖ್ಯೆಯನ್ನು ಉಜ್ಜಿ ಅಳಿಸಿದ ನೋಟನ್ನು ಓರೆಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಕಾಗದದ ಎಳೆಗಳು ಎದ್ದಿರುವುದು ಕಾಣುತ್ತದೆ. ಅಂಕಿಗಳ ಒತ್ತಿನ ಗುರುತು ಉಳಿದಿರುವುದೂ ಉಂಟು. ಹಾಳೆಯನ್ನು ವಕ್ರವಾಗಿ ಕತ್ತರಿಸಿದ ನಿಜವಾದ ನೋಟಿನಲ್ಲಿ ಒಂದು ಅಂಚು ಕಿರಿದಾಗಿ, ಎದುರಿನ ಅಂಚಿನಲ್ಲಿ ನೆರೆಯ ನೋಟಿನ ಪಟ್ಟಿ ಕಾಣಬಹುದು. ಯಾರೋ ಕತ್ತರಿಯಿಂದ ಅಂಚು ಕತ್ತರಿಸಿದ್ದರೆ ಕಿರಿದಾದ ಅಂಚಿಗೆ ಪ್ರತಿಯಾಗಿ ಎದುರುಬದಿಯಲ್ಲಿ ಏನೂ ಹೆಚ್ಚಿರುವುದಿಲ್ಲ. ನೋಟಿನ ಅಳತೆಯೇ ಕಡಮೆಯಾಗಿರುತ್ತದೆ. ಅಮೆರಿಕದ ನೋಟಿನ ಉದ್ದ ಸುಮಾರು 156 ಮಿಲಿಮೀಟರು, ಅಗಲ 66 ಮಿಲಿಮೀಟರು. ಅಳತೆಕೋಲೊಂದಿದ್ದರೆ ಪರೀಕ್ಷೆ ಮುಗಿಯಿತು. ಮಡಿಕೆಯ ತಪ್ಪಿದ್ದರೆ, ಹಳೆಯ ಗೆರೆಯಲ್ಲಿಯೇ ಮೆಲ್ಲಗೆ ಮಡಚಿದಾಗ ಹರಿದು ಹಂಚಿದ್ದ ಚಿತ್ರದ ಗೆರೆಗಳು ಕೂಡಿಕೊಂಡು ಸಂಧಿ ಕಾಣದಂತಾಗಬೇಕು. ಹಸಿರು ಮೊಹರು ಹಳದಿಯಾಗಿಯೋ ನೀಲಿಯಾಗಿಯೋ ಇದ್ದರೆ ಹಿಗ್ಗಬೇಕಾಗಿಲ್ಲ. ರಾಸಾಯನಿಕದ ಸೋಂಕಿನಿಂದ ಮಸಿಯ ಬಣ್ಣ ಹಾಗೆ ತಿರುಗುವುದುಂಟು.

ಖೋಟಾ ನೋಟಿಗೂ ತಪ್ಪು ಅಚ್ಚಾದ ನೋಟಿಗೂ ಇರುವ ಅಂತರವನ್ನೂ ಮರೆಯಬಾರದು. ಕಾಗದ, ಜಲಚಿಹ್ನೆ, ಭದ್ರತೆಯ ದಾರ ಇವುಗಳಲ್ಲಿಯೇ ಸಂದೇಹ ಬಂದರೆ ಆ ನೋಟು ಬ್ಯಾಂಕಿಗೆ ಹೋಗಬೇಕೇ ವಿನಾ ಮಾರಾಟಕ್ಕೆ ಹೋಗಬಾರದು. ಖೋಟಾ ಎಂದು ತಿಳಿದೂ ಇನ್ನೊಬ್ಬರಿಗೆ ದಾಟಿಸುವುದು ಅಪರಾಧ.

ಕೈಗೆ ಬಂದ ನೋಟನ್ನು ಕಾಪಾಡುವುದು

ನೋಟು ಕೊಳೆಯಾಗಿದೆಯೆಂದು ತೊಳೆಯುವುದು, ಸುಕ್ಕು ಹೋಗಲೆಂದು ಇಸ್ತ್ರಿ ಹಾಕುವುದು, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಇವು ನಾಲ್ಕೂ ನೋಟಿಗೆ ಹಾನಿಕರ. ತೊಳೆದಾಗ ಕಾಗದದ ಬಿಗಿತ ಹೋಗುತ್ತದೆ. ಇಸ್ತ್ರಿಯ ಕಾವಿಗೂ ಭಾರಕ್ಕೂ ಇಂಟ್ಯಾಗ್ಲಿಯೊ ಮಸಿಯ ಉಬ್ಬು ಚಪ್ಪಟೆಯಾಗುತ್ತದೆ. ಮುದ್ರಣದ ಸಾಕ್ಷ್ಯ ಅಡಗಿರುವುದೇ ಆ ಉಬ್ಬಿನಲ್ಲಿ ಎಂಬುದನ್ನು ಆಗಲೇ ಕಂಡಿದ್ದೇವೆ. ‘ಚೊಕ್ಕಟ’ ಮಾಡಹೋದವನು ತನ್ನ ಸಾಕ್ಷಿಯ ಬಾಯಿಯನ್ನು ತಾನೇ ಮುಚ್ಚಿದಂತಾಗುತ್ತದೆ.

ನೋಟನ್ನು ಅಂಚಿನಲ್ಲಿ ಹಿಡಿದು ಎತ್ತಬೇಕು. ಮಡಚದೆ, ಬಿಸಿಲು ತೇವಗಳು ತಾಕದೆಡೆ ಇಡಬೇಕು. ಪಿ.ವಿ.ಸಿ. ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಚೀಲ ಬೇಡ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಕಾಲಕ್ರಮದಲ್ಲಿ ಹೊರಸೂಸಿ ಕಾಗದಕ್ಕೆ ಹತ್ತುತ್ತದೆ. ಸಂಗ್ರಾಹಕರು ಬಳಸುವುದು ಪಾಲಿಯೆಸ್ಟರಿನ ತೆಳು ಲಕೋಟೆಗಳನ್ನು.

ಮುಂದಿನ ಹೆಜ್ಜೆ ಪರಿಣತರ ಪರೀಕ್ಷೆ. ನೋಟಿನ ನಿಜತ್ವವನ್ನು ಪರೀಕ್ಷಿಸಿ, ಅದರ ಸ್ಥಿತಿಗೆ 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಪಾರದರ್ಶಕ ಕವಚದಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಇದಕ್ಕೆ ಶುಲ್ಕ ತೆರಬೇಕು. ಆದುದರಿಂದ ಸಣ್ಣ ತಪ್ಪಿನ ಅಗ್ಗದ ನೋಟಿಗೆ ಇದು ಲಾಭಕರವಲ್ಲ. ಬೆಲೆಯುಳ್ಳ ನೋಟಿಗಾದರೋ ಅದು ಅವಶ್ಯಕ. ದೂರದಲ್ಲಿರುವ ಕೊಳ್ಳುವವನು ನೋಟನ್ನು ಕೈಯಲ್ಲಿ ಹಿಡಿದು ನೋಡಲಾರ. ಪರಿಣತರ ಮಾತಿನ ಮೇಲೆ ಭರವಸೆಯಿಟ್ಟೇ ಅವನು ಕೂಗಬೇಕು.

ಹರಾಜಿನ ಲೆಕ್ಕ

ಸಕ್ಕರೆಗೆ, ಅಕ್ಕಿಗೆ ಪೇಟೆಯ ಧಾರಣೆಯುಂಟು. ಲೋಕದಲ್ಲಿ ಒಂದೇ ಇರುವ ವಸ್ತುವಿಗೆ ಧಾರಣೆ ಎಲ್ಲಿಯದು? ಅದರ ಬೆಲೆ ಕೊಳ್ಳಬಯಸುವವರ ಮನಸ್ಸಿನಲ್ಲಿ ಅಡಗಿದೆ. ಅದನ್ನು ಹೊರಗೆಳೆಯುವ ಉಪಾಯವೇ ಹರಾಜು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಒಂದು ನೋಟಿಗೆ ಐವರು ಆಸೆಪಟ್ಟಿದ್ದಾರೆ. ಅವರು ಕೊಡಲು ಸಿದ್ಧವಿರುವ ಗರಿಷ್ಠ ಹಣ ಕ್ರಮವಾಗಿ 1,000, 2,000, 3,000, 8,000 ಮತ್ತು 9,000 ಡಾಲರು. ಐವರೂ ಹರಾಜಿಗೆ ಬಂದರೆ ಕೂಗು ಏರುತ್ತ ಏರುತ್ತ 8,000 ದಾಟಿದೊಡನೆ ನಾಲ್ಕನೆಯವನು ಸುಮ್ಮನಾಗುತ್ತಾನೆ. 8,000ಕ್ಕಿಂತ ತುಸು ಹೆಚ್ಚಿಗೆ ನೋಟು ಐದನೆಯವನ ಪಾಲಾಗುತ್ತದೆ. ನಾಲ್ಕನೆಯವನಿಗೆ ಸುದ್ದಿಯೇ ಮುಟ್ಟದಿದ್ದರೆ? ಅದೇ ಐದನೆಯವನಿಗೆ ಅದೇ ನೋಟು 3,000ಕ್ಕಿಂತ ತುಸು ಹೆಚ್ಚಿಗೇ ದಕ್ಕಿಬಿಡುತ್ತದೆ! ಅಂದರೆ ಮಾರುವವನಿಗೆ ಒಬ್ಬ ಧನಿಕ ಸಾಲದು, ಇಬ್ಬರು ಬೇಕು. ಬೆಲೆಯನ್ನು ನಿಶ್ಚಯಿಸುವವನು ಗೆದ್ದವನಲ್ಲ, ಸೋತವರಲ್ಲಿ ಮೊದಲಿಗ. ಹರಾಜುಗಳ ಈ ಗಣಿತವನ್ನು 1961ರಲ್ಲಿ ವಿವೇಚಿಸಿ ಬರೆದ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಡೆಲ್ ಮಾಂಟೆ ನೋಟಿನ ಮೂರು ಬೆಲೆಗಳ ಗುಟ್ಟು ಇಲ್ಲಿ ತಿಳಿಯಾಗುತ್ತದೆ. ನಡುವಿನ 17 ವರ್ಷಗಳಲ್ಲಿ ಡಾಲರಿನ ಕೊಳ್ಳುವ ಶಕ್ತಿ ಕುಗ್ಗಿತೆಂಬುದು ನಿಜ. ಆದರೆ ಸುಮಾರು ನಾಲ್ವತ್ತುಪಟ್ಟು ಏರಿಕೆಗೆ ಅಷ್ಟೇ ಕಾರಣವಾಗಲಾರದು. 2004ರಲ್ಲಿ ಆ ನೋಟು ಅಪರಿಚಿತ ವಸ್ತು. ಬರಬರುತ್ತ ಅದರ ಚಿತ್ರ ಸಂಗ್ರಾಹಕರ ನಡುವೆ ಪ್ರಸಿದ್ಧವಾಯಿತು. ಅದನ್ನು ಕೈಬಿಡಲಾರದ ಇಬ್ಬರು ಒಂದೇ ಹರಾಜಿನಲ್ಲಿ ಎದುರುಬದುರಾದ ದಿನ ಬೆಲೆ ಗಗನಕ್ಕೇರಿತು. ಹಾಗೆಂದು ವಿದ್ಯಾರ್ಥಿ ಮೋಸಹೋದನೆನ್ನುವುದು ಸರಿಯಲ್ಲ. 20 ಡಾಲರಿಗೆ ಸುಮಾರು ಐನೂರುಪಟ್ಟು ಪಡೆದವನು ನಷ್ಟ ಹೊಂದಿದನೆನ್ನಲಾದೀತೆ?

ಇನ್ನೊಂದು ವಿಷಯ. ಪತ್ರಿಕೆಗಳಲ್ಲಿ ಬರುವ ಹರಾಜಿನ ಮೊತ್ತ ಪೂರ್ತಿಯಾಗಿ ಮಾರಿದವನಿಗೆ ಸೇರುವುದಿಲ್ಲ. 3,96,000 ಡಾಲರುಗಳಲ್ಲಿ ಕೂಗು ನಿಂತದ್ದು 3,30,000ಕ್ಕೆ. ಅದರ ಮೇಲೆ ನೂರಕ್ಕೆ 20ರಂತೆ ಹರಾಜುಸಂಸ್ಥೆಯ ಪಾಲು. ಕೆಲವೊಮ್ಮೆ ಮಾರುವವನಿಂದಲೂ ದಳ್ಳಾಳಿ ಹಿಡಿಯುವುದುಂಟು. ಕರಾರಿಗೆ ಸಹಿಹಾಕುವ ಮುನ್ನ ಈ ಲೆಕ್ಕವನ್ನೂ, ‘ಇಷ್ಟಕ್ಕಿಂತ ಕಡಮೆಗೆ ಕೊಡುವುದಿಲ್ಲ’ ಎಂಬ ಕನಿಷ್ಠ ಬೆಲೆಯನ್ನೂ ಬರಹದಲ್ಲಿ ಗೊತ್ತುಮಾಡಿಕೊಳ್ಳುವುದು ವಿವೇಕ.

ನಮ್ಮ ಜೇಬಿನ ನೋಟುಗಳು

ನೋಟಿನ ಮುದ್ರಣ ದೂರದ ಟೆಕ್ಸಾಸಿನ ಕೆಲಸ ಮಾತ್ರವಲ್ಲ. ರಿಜರ್ವ್ ಬ್ಯಾಂಕಿನ ಅಂಗಸಂಸ್ಥೆಯೊಂದು 1996ರಿಂದ ನಮ್ಮ ಮೈಸೂರಿನಲ್ಲಿಯೇ ನೋಟುಗಳನ್ನು ಅಚ್ಚುಮಾಡುತ್ತಿದೆ. ನಾಸಿಕ, ದೇವಾಸ್ ಮತ್ತು ಬಂಗಾಳದ ಸಾಲಬೋನಿಗಳಲ್ಲಿಯೂ ಮುದ್ರಣಾಲಯಗಳಿವೆ. ಇಲ್ಲಿಯೂ ಮುದ್ರಣ ಹಲವು ಹೆಜ್ಜೆಗಳಲ್ಲಿ ನಡೆಯುವುದರಿಂದ ಮೇಲೆ ಹೇಳಿದ ಪರೀಕ್ಷೆಗಳ ತತ್ತ್ವ ನಮ್ಮ ನೋಟುಗಳಿಗೂ ಅನ್ವಯಿಸುತ್ತದೆ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಕ್ರಮಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು ತಪ್ಪು ಅಚ್ಚಾದುದೆಂದು ಹಲವರು ಭ್ರಮಿಸುತ್ತಾರೆ. ಕಟ್ಟಿನಲ್ಲಿ ಕೆಟ್ಟ ನೋಟೊಂದು ಕಂಡುಬಂದಾಗ ಅದರ ಬದಲಿಗೆ ಸೇರಿಸುವ ನೋಟಿಗೆ 2006ರಿಂದ ನಮ್ಮಲ್ಲಿ ಹಾಕುತ್ತಿರುವ ಗುರುತು ಅದು. ತಪ್ಪನ್ನು ಸರಿಪಡಿಸಿದ ಗುರುತೇ ಹೊರತು ತಪ್ಪಲ್ಲ. ಹಾಗೆಯೇ 786 ಮುಂತಾದ ಅಂಕಿಗಳುಳ್ಳ ನೋಟನ್ನು ಶುಭವೆಂದು ಯಾರಾದರೂ ಬಯಸಬಹುದು, ಮುದ್ರಣದೋಷ ಅದರಲ್ಲಿಲ್ಲ.

ಎರಡನೆಯದು ಇನ್ನೂ ಗಂಭೀರವಾದುದು. ‘ನಿಮ್ಮ ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳುಹಿಸಿ, ತೆರಿಗೆ ಕಟ್ಟಿ’ ಎನ್ನುವ ಜಾಹೀರಾತುಗಳು ಹರಡಿವೆ. ಇಂಥವರು ರಿಜರ್ವ್ ಬ್ಯಾಂಕಿನ ಹೆಸರನ್ನೇ ಬಳಸುತ್ತಿರುವುದನ್ನು ಕಂಡು ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟನೆ ಹೊರಡಿಸಿತು. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಇದಕ್ಕಾಗಿ ಶುಲ್ಕವನ್ನಾಗಲಿ ದಳ್ಳಾಳಿಯನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಹಾಗೆ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿದೆ. ನೋಟನ್ನು ಕಣ್ಣಿನಿಂದ ನೋಡದೆಯೇ ಬೆಲೆ ಕಟ್ಟುವವನು, ಕೊಳ್ಳುವ ಮುನ್ನವೇ ಮಾರುವವನಿಂದ ಹಣ ಕೇಳುವವನು ಸಂಗ್ರಾಹಕನಲ್ಲ. ನಿಜವಾದ ಸಂಗ್ರಾಹಕ ಮೊದಲು ಕೇಳುವುದು ನೋಟನ್ನು. ಮುಂಬದಿ, ಹಿಂಬದಿ, ಅಂಚು, ಅಂಕಿಗಳ ಒತ್ತು, ಇವೆಲ್ಲವನ್ನೂ ನೋಡಿದ ಮೇಲೆಯೇ ಅವನ ಬಾಯಿಂದ ಬೆಲೆಯ ಮಾತು ಬರುವುದು.

ಆದುದರಿಂದ ವಿಚಿತ್ರವಾದ ನೋಟೊಂದು ಕೈಗೆ ಬಂದರೆ ಅವಸರಪಡುವುದು ಬೇಡ. ಅದನ್ನು ಹಾಗೆಯೇ ಚಪ್ಪಟೆಯಾಗಿ ಇಟ್ಟು, ಭೂತಗನ್ನಡಿ ಹಿಡಿದು, ಯಾವ ಮಸಿ ಯಾವುದರ ಮೇಲಿದೆ, ಈ ತಪ್ಪು ಯಾವ ಹೆಜ್ಜೆಯಲ್ಲಿ ಆಗಿರಬಹುದು ಎಂದು ಯೋಚಿಸೋಣ. ಬಳಿಕ ಬಲ್ಲವರು ಇಬ್ಬರು ಮೂವರಿಗೆ ತೋರಿಸೋಣ. ಸಾಕ್ಷ್ಯ ಗಟ್ಟಿಯಾಗಿದ್ದರೆ ಕೊಳ್ಳುವವರು ತಾವಾಗಿ ಸೇರುತ್ತಾರೆ. ಇಲ್ಲವಾದರೆ ನೋಟು ತನ್ನ ಮುಖಬೆಲೆಗೆ ಅಂಗಡಿಗೆ ಹೋಗಲಿ. ನೋಡಿ ಕಲಿತದ್ದು ನಮ್ಮಲ್ಲಿ ಉಳಿಯುತ್ತದೆ.